‘ಬೇಡ ಅನ್ನಲಿಲ್ಲವಲ್ಲ’ ಅಂತ ಕೇಳಿದರೆ ಏನು ಹೇಳೋದು? ಒಪ್ಪಿಗೆ, ಕಾನೂನು, ಆಸ್ಪತ್ರೆ, ಸಮಿತಿ

ಅರಳಿಕಟ್ಟೆ

ಪದವಿ ಕಾಲೇಜಿನ ಮೊದಲ ವರ್ಷದವರಿಗೆ ಒಂದೂವರೆ ಗಂಟೆಯ ತರಗತಿ ಇದೆ, ಅದಕ್ಕೆ ಟಿಪ್ಪಣಿ ಸಿದ್ಧ ಮಾಡ್ತಾ ಇದ್ದೇನೆ. ವಿಷಯ ಲೈಂಗಿಕ ದೌರ್ಜನ್ಯ ಮತ್ತು ಒಪ್ಪಿಗೆ. ಸಿಗುವ ಸ್ಲೈಡುಗಳಲ್ಲಿ ಇರೋದು ಎರಡೇ: ಸೆಕ್ಷನ್ ನಂಬರುಗಳು, ಆಮೇಲೆ ‘ಹೆಣ್ಣನ್ನು ಗೌರವಿಸಿ’ ಅನ್ನೋ ಉಪದೇಶ. ಹುಡುಗ ಹುಡುಗಿಯರು ಕೇಳೋದು ಬೇರೆ. ‘ಬೇಡ ಅನ್ನಲಿಲ್ಲವಲ್ಲ?’ ‘ಕಿರುಚಲಿಲ್ಲ ಯಾಕೆ?’ ‘ಕುಡಿದಿದ್ದ, ಗೊತ್ತಾಗಲಿಲ್ಲ ಅಂದ್ರೆ?’ ‘ಆರು ತಿಂಗಳು ಸುಮ್ಮನಿದ್ದು ಈಗ ಯಾಕೆ?’ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ನಿಖರವಾಗಿ ಉತ್ತರ ಕೊಡಿ. ದಯವಿಟ್ಟು ಸ್ವಂತ ಅನುಭವ, ಗೊತ್ತಿರುವವರ ಪ್ರಕರಣ ಇಲ್ಲಿ ಬೇಡ. ಹೇಳಿಕೊಳ್ಳಲು ಸುರಕ್ಷಿತವಾದ ಜಾಗ ಬೇರೆ ಇದೆ, ಮಹಿಳಾ ಸಹಾಯವಾಣಿ 181.

ಕರಿಕೋಟು

ಕಾನೂನಿಂದ ಶುರು ಮಾಡ್ತೀನಿ, ಯಾಕಂದ್ರೆ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಬರೆದಿಟ್ಟಿದೆ.

2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅತ್ಯಾಚಾರ ಅಂದರೇನು ಅಂತ ಹೇಳುವ ಹಳೆಯ 375 ಈಗ ಸೆಕ್ಷನ್ 63. ಅದರ ಎರಡನೇ ವಿವರಣೆಯನ್ನು ಬಿಡಿಸಿ ಹೇಳಿದರೆ: ಒಪ್ಪಿಗೆ ಅಂದರೆ ಆ ನಿರ್ದಿಷ್ಟ ಕ್ರಿಯೆಗೆ ತಾನು ಸಿದ್ಧ ಅಂತ ಹೆಣ್ಣು ಮಾತಿನಿಂದಲೋ ಸನ್ನೆಯಿಂದಲೋ ಬೇರೆ ಯಾವುದೇ ರೀತಿಯಿಂದಲೋ ತಿಳಿಸಿದ, ಸಂದೇಹಕ್ಕೆ ಎಡೆಯಿಲ್ಲದ, ಸ್ವಇಚ್ಛೆಯ ಸಮ್ಮತಿ. ಕೆಳಗೇ ಇನ್ನೊಂದು ಸಾಲಿದೆ. ದೈಹಿಕವಾಗಿ ಪ್ರತಿರೋಧ ಒಡ್ಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಆಕೆ ಒಪ್ಪಿದ್ದಳು ಅಂತ ತಿಳಿಯುವ ಹಾಗಿಲ್ಲ.

ಹಾಗಾಗಿ ಕೇಳಬೇಕಾದ್ದು ‘ಬೇಡ ಅಂದಳಾ?’ ಅಂತಲ್ಲ, ‘ಹೂಂ ಅಂದಳಾ? ಯಾವುದಕ್ಕೆ ಹೂಂ ಅಂದಳು?’ ಅಂತ. ‘ನಿರ್ದಿಷ್ಟ ಕ್ರಿಯೆ’ ಅನ್ನೋ ಪದದ ಕೆಳಗೆ ಗೆರೆ ಎಳೆಯಿರಿ. ಸಿನಿಮಾಕ್ಕೆ ಬಂದದ್ದು, ರೂಮಿಗೆ ಬಂದದ್ದು, ಮುತ್ತು ಕೊಟ್ಟದ್ದು, ಹೋದ ವಾರ ಒಪ್ಪಿದ್ದು, ಇವು ಯಾವುವೂ ಇವತ್ತಿನ ಇನ್ನೊಂದಕ್ಕೆ ಒಪ್ಪಿಗೆ ಆಗೋದಿಲ್ಲ.

ಬಾಯಲ್ಲಿ ‘ಹೂಂ’ ಬಂದರೂ ಒಪ್ಪಿಗೆ ಅಲ್ಲದ ಸಂದರ್ಭಗಳು ಅದೇ ಸೆಕ್ಷನ್ನಲ್ಲಿವೆ. ಆಕೆಗೋ ಆಕೆಗೆ ಬೇಕಾದವರಿಗೋ ಜೀವಭಯ ಅಥವಾ ಪೆಟ್ಟಿನ ಭಯ ಹುಟ್ಟಿಸಿ ಪಡೆದದ್ದು. ತಾನು ಗಂಡ ಅಂತ ನಂಬಿಸಿ ಪಡೆದದ್ದು. ಅಮಲಿನಲ್ಲೋ ಮಾನಸಿಕ ಅಸ್ವಸ್ಥತೆಯಲ್ಲೋ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ ಅಂತ ತಿಳಿಯದ ಸ್ಥಿತಿ. 18 ವರ್ಷ ತುಂಬದಿರುವುದು. ಒಪ್ಪಿಗೆ ತಿಳಿಸಲಾಗದ ಸ್ಥಿತಿಯಲ್ಲಿ, ಅಂದರೆ ನಿದ್ದೆಯಲ್ಲೋ ಪ್ರಜ್ಞೆ ತಪ್ಪಿದಾಗಲೋ ನಡೆದದ್ದೂ ಇದರೊಳಗೇ ಬರುತ್ತದೆ. ಶಿಕ್ಷೆ ಕನಿಷ್ಠ 10 ವರ್ಷ.

ತುಂಬ ಜನಕ್ಕೆ ಗೊತ್ತಿಲ್ಲದ್ದು ಸೆಕ್ಷನ್ 68. ಅಧಿಕಾರದಲ್ಲಿರುವವನು, ಸರ್ಕಾರಿ ನೌಕರ, ಜೈಲು ಅಥವಾ ಹಾಸ್ಟೆಲಿನಂಥ ಜಾಗದ ಮೇಲ್ವಿಚಾರಕ, ಆಸ್ಪತ್ರೆಯ ಆಡಳಿತದವನು ತನ್ನ ಸ್ಥಾನವನ್ನು ದುರುಪಯೋಗ ಮಾಡಿ ‘ಒಪ್ಪಿಸಿದರೆ’, ಅದು ಅತ್ಯಾಚಾರದ ವ್ಯಾಖ್ಯೆಗೆ ಬರದಿದ್ದರೂ 5ರಿಂದ 10 ವರ್ಷ.

ಸಂಶಯಿ

ಕಾನೂನು ಸರಿ ಸರ್. ಆದ್ರೆ ಪ್ರಾಯೋಗಿಕವಾಗಿ? ಹುಡುಗಿ ನೇರವಾಗಿ ಬೇಡ ಅನ್ನದೆ ಸುತ್ತಿ ಬಳಸಿ ಹೇಳಿದರೆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಪ್ರತಿ ಹೆಜ್ಜೆಗೂ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಳ್ಳಬೇಕಾ? ‘ಮೌನಂ ಸಮ್ಮತಿ ಲಕ್ಷಣಂ’ ಅಂತ ಹಿರಿಯರೇ ಹೇಳಿಲ್ವಾ?

ಧಾರವಾಡ ಮಾಸ್ತರ

ಅಲ್ರೀ, ‘ಬ್ಯಾಡ’ ಅನ್ನೂ ಶಬ್ದ ನಮ್ಮ ಬಾಯಾಗ ದಿನಕ್ಕ ಎಷ್ಟ ಸಲ ಬರತೈತಿ ಹೇಳ್ರಿ? ಸಾಲ ಕೇಳಾಕ ಬಂದಾಂವಗ ‘ಮುಂದಿನ ವಾರ ನೋಡೂಣ ತಗೋರಿ’ ಅಂತೀವಿ. ಲಗ್ನಕ್ಕ ಕರದ್ರ ‘ಬರಾಕ ನೋಡ್ತೀವ್ರಿ’ ಅಂತೀವಿ. ಊಟಕ್ಕ ಎಬ್ಬಿಸಿದ್ರ ‘ಈಗ ಉಂಡ ಬಂದೇನ್ರಿ’ ಅಂತೀವಿ. ಇಷ್ಟರಾಗ ‘ಇಲ್ಲ’ ಅನ್ನೂ ಶಬ್ದ ಒಂದೂ ಇಲ್ಲ. ಆದ್ರ ಸಾಲ ಕೇಳಾಂವ ಎದ್ದ ಹೋಗತಾನ. ‘ಸ್ಪಷ್ಟ ಇಲ್ಲ ಅನ್ನಲಿಲ್ಲ’ ಅಂತ ಕಿಸೆದಾಗ ಕೈ ಹಾಕಿ ರೊಕ್ಕ ತಗೊಳ್ಳಂಗಿಲ್ಲ. ಸಾಲದಾಗ ತಿಳಿಯೂ ಮಾತು ಇಲ್ಲಿ ಮಾತ್ರ ಯಾಕ ತಿಳಿಯಂಗಿಲ್ಲ?

ಸಮಾಲೋಚಕಿ

ಮಾಸ್ತರ ಹೇಳಿದ್ದು ಸಂಶೋಧನೆಯಲ್ಲೂ ಬಂದಿದೆ. 1999ರಲ್ಲಿ ಬ್ರಿಟನ್ನಿನ ಸೀಲಿಯಾ ಕಿಟ್ಸಿಂಗರ್ ಮತ್ತು ಹ್ಯಾನಾ ಫ್ರಿತ್ ಜನ ದಿನನಿತ್ಯ ಹೇಗೆ ನಿರಾಕರಿಸುತ್ತಾರೆ ಅನ್ನೋದನ್ನು ವಿಶ್ಲೇಷಿಸಿದರು. ಎಲ್ಲರೂ ನಿರಾಕರಿಸುವುದು ಹೀಗೇ: ಒಂದು ಕ್ಷಣ ತಡೆದು, ‘ಅದೂ…’ ಅಂತ ಎಳೆದು, ಒಂದು ಕಾರಣ ಕೊಟ್ಟು, ಸ್ವಲ್ಪ ಮೆತ್ತಗೆ ಮಾಡಿ. ಬರೀ ‘ಇಲ್ಲ’ ಅನ್ನೋದು ಒರಟುತನ ಅನ್ನಿಸಿಕೊಳ್ಳುತ್ತದೆ. ಆಮೇಲೆ ಯುವಕರ ಗುಂಪುಗಳ ಜೊತೆ ನಡೆದ ಅಧ್ಯಯನಗಳಲ್ಲಿ, ಆ ಯುವಕರೇ ಇಂಥ ನಿರಾಕರಣೆಗಳನ್ನು ಸಲೀಸಾಗಿ ಗುರುತಿಸಿದರು. ಅರ್ಥ ಆಗಲಿಲ್ಲ ಅನ್ನೋ ಮಾತು ಬಹಳ ಸಲ ಕೆಲಸ ಮುಗಿದ ಮೇಲೆ ಹುಟ್ಟುವ ವಾದ.

ತರಗತಿಗೆ ಒಂದು ಅಭ್ಯಾಸ ಹೇಳ್ತೀನಿ. ಹಲಗೆ ಮೇಲೆ ಹತ್ತು ಮಾತು ಬರೆಯಿರಿ: ‘ತಲೆ ನೋಯ್ತಿದೆ’, ‘ಲೇಟಾಯ್ತು, ಹೋಗ್ಬೇಕು’, ‘ಇವತ್ತು ಬೇಡ್ವೇನೋ’, ‘ಯಾರಾದ್ರೂ ಬಂದ್ರೆ?’, ‘ಆಮೇಲೆ ನೋಡೋಣ’, ಉತ್ತರವೇ ಇಲ್ಲ, ಮುಖ ಆಚೆ ತಿರುಗಿಸಿದ್ದು, ಕೈ ಸರಿಸಿದ್ದು, ಮೈ ಸೆಟೆದದ್ದು, ‘ಸರಿ ಬಿಡು, ಏನಾದ್ರೂ ಮಾಡ್ಕೋ’. ಯಾವುದು ಹೌದು, ಯಾವುದು ಅಲ್ಲ ಅಂತ ಚೀಟಿಯಲ್ಲಿ ಬರೆಸಿ, ಹೆಸರು ಬೇಡ. ಚೀಟಿ ಓದುವಾಗ ಕೊನೆಯದಕ್ಕೆ ಹೆಚ್ಚು ಸಮಯ ಕೊಡಿ. ಹತ್ತು ಸಲ ಪೀಡಿಸಿದ ಮೇಲೆ ಬಂದ ‘ಸರಿ ಬಿಡು’ ಒಪ್ಪಿಗೆ ಅಲ್ಲ, ಸುಸ್ತು.

ಸಂಶಯಿ ಅವರ ಸಹಿಯ ಪ್ರಶ್ನೆಗೆ: ಸಹಿ ಹಾಕಿದ ಕಾಗದದಿಂದ ಪ್ರಯೋಜನವಿಲ್ಲ. ಏಳು ಗಂಟೆಗೆ ಸಹಿ ಹಾಕಿ ಎಂಟಕ್ಕೆ ಮನಸ್ಸು ಬದಲಾಗಬಹುದು. ಕೇಳೋದು ಅಷ್ಟು ಕಷ್ಟವೂ ಅಲ್ಲ. ‘ನಿಂಗೆ ಇಷ್ಟ ಇದೆಯಾ?’ ಅಂತ ಕೇಳಿ, ಉತ್ತರ ಬರೋವರೆಗೆ ಕೈ ಹಿಂದಿಟ್ಟುಕೊಂಡರೆ ಆಯ್ತು. ಉತ್ತರ ಅನುಮಾನದ್ದಾದರೆ ಅಲ್ಲಿಗೆ ನಿಲ್ಲೋದು, ‘ಯಾಕೆ?’ ಅಂತ ಎರಡನೇ ಸಲ ಜಗ್ಗಬಾರದು. ಮಾತು ನಿಂತುಹೋದದ್ದು ಕಂಡರೆ ಆಗಲೂ ನಿಲ್ಲಿಸಿ ಕೇಳಬೇಕು.

ಕರಿಕೋಟು

ಕೋರ್ಟುಗಳೂ ಇದರಲ್ಲಿ ಒಂದೇ ದಾರಿಯಲ್ಲಿ ನಡೆದಿಲ್ಲ ಅನ್ನೋದನ್ನು ಮುಚ್ಚಿಡಬೇಡಿ. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಟ್ಟಿತು. ಮೈ ಮೇಲೆ ಗಾಯ ಇರಲಿಲ್ಲ, ಕೂಗಲಿಲ್ಲ, ಆದ್ದರಿಂದ ಒಪ್ಪಿದ್ದಳು ಅನ್ನೋ ತರ್ಕ. ಅದರ ವಿರುದ್ಧ 1979ರಲ್ಲಿ ಕಾನೂನು ಪ್ರಾಧ್ಯಾಪಕರಾದ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಬಹಿರಂಗ ಪತ್ರ ಬರೆದರು. ಶರಣಾಗತಿ ಬೇರೆ, ಸಮ್ಮತಿ ಬೇರೆ ಅನ್ನೋದು ಅವರ ವಾದದ ತಿರುಳು. 1983ರ ತಿದ್ದುಪಡಿ ಬಂದದ್ದು ಆ ಹೋರಾಟದಿಂದ. ಅದರ ಪ್ರಕಾರ ಠಾಣೆ, ಜೈಲಿನಂಥ ಕಡೆ ಲೈಂಗಿಕ ಸಂಪರ್ಕ ನಡೆದದ್ದು ಸಾಬೀತಾಗಿ, ‘ನಾನು ಒಪ್ಪಿರಲಿಲ್ಲ’ ಅಂತ ಆಕೆ ಹೇಳಿದರೆ, ಒಪ್ಪಿರಲಿಲ್ಲ ಅಂತಲೇ ಕೋರ್ಟ್ ತಿಳಿಯಬೇಕು. ನಾನು ಮೇಲೆ ಹೇಳಿದ ಒಪ್ಪಿಗೆಯ ವ್ಯಾಖ್ಯೆ ಸೇರಿದ್ದು 2013ರಲ್ಲಿ, 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ಬಳಿಕ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ನಂತರ.

ಅಷ್ಟಾದರೂ 2017ರಲ್ಲಿ ದೆಹಲಿ ಹೈಕೋರ್ಟ್ ಕ್ಷೀಣವಾದ ‘ಇಲ್ಲ’ದ ಬಗ್ಗೆ ಸಂದೇಹ ಹುಟ್ಟಬಹುದು ಅಂತ ಒಬ್ಬರನ್ನು ಖುಲಾಸೆ ಮಾಡಿತು. 2020ರ ಜೂನಿನಲ್ಲಿ ನಮ್ಮ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ, ಘಟನೆಯ ಬಳಿಕ ದಣಿದು ಮಲಗಿದೆ ಎಂಬ ದೂರುದಾರೆಯ ಮಾತು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಅಂತ ಬರೆಯಲಾಗಿತ್ತು. ಟೀಕೆ ಬಂದ ಮೇಲೆ ಆ ಸಾಲನ್ನು ತೆಗೆದುಹಾಕಲಾಯಿತು. 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಹೆಣ್ಣಿನ ಉಡುಪು, ನಡತೆ, ಹಿಂದಿನ ನಡವಳಿಕೆ ಬಗ್ಗೆ ಇಂಥ ಮಾತು ಜಾಮೀನು ಆದೇಶಗಳಲ್ಲಿ ಇರಕೂಡದು ಅಂತ ನಿರ್ದೇಶನ ಕೊಟ್ಟಿತು.

ಡ್ಯೂಟಿ ಡಾಕ್ಟರ್

‘ಕಿರುಚಲಿಲ್ಲ ಯಾಕೆ’ ಅನ್ನೋದಕ್ಕೆ ನಾನು ಬರೀತೀನಿ.

ಅಪಾಯ ಬಂದಾಗ ದೇಹಕ್ಕೆ ಹೊಡೆದಾಟ, ಓಟ ಅಂತ ಎರಡೇ ದಾರಿ ಅಂತ ಶಾಲೆಯಲ್ಲಿ ಓದಿರುತ್ತೇವೆ. ಮೂರನೆಯದೊಂದಿದೆ, ಮರಗಟ್ಟುವುದು. ತಪ್ಪಿಸಿಕೊಳ್ಳಲು ದಾರಿಯಿಲ್ಲ ಅಂತ ಮಿದುಳು ತೀರ್ಮಾನಿಸಿದ ಕ್ಷಣ ಕೈಕಾಲು ಆಡೋದಿಲ್ಲ, ಗಂಟಲಿಂದ ಸ್ವರ ಹೊರಡೋದಿಲ್ಲ. ಪ್ರಜ್ಞೆ ಮಾತ್ರ ಇರುತ್ತದೆ. ಅದು ನಿರ್ಧಾರ ಅಲ್ಲ, ಪ್ರತಿವರ್ತನೆ. ಬಿಸಿ ಪಾತ್ರೆಯಿಂದ ಕೈ ತಾನಾಗಿ ಹಿಂದೆ ಬರುವ ಹಾಗೆ. ಅತ್ಯಾಚಾರವಾಗಿ ತಿಂಗಳೊಳಗೆ ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಹೆಂಗಸರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನೂರಕ್ಕೆ 70 ಮಂದಿಗೆ ಗಣನೀಯ ಮಟ್ಟದಲ್ಲಿ ಮರಗಟ್ಟುವಿಕೆ ಆಗಿತ್ತು, 48 ಮಂದಿಗೆ ತೀವ್ರವಾಗಿ. ಹಾಗೆ ಆದವರಲ್ಲೇ ಮುಂದೆ ಆಘಾತದ ಕಾಯಿಲೆ, ಖಿನ್ನತೆ ಹೆಚ್ಚು ಕಂಡಿತು. ‘ನಾನ್ಯಾಕೆ ಸುಮ್ಮನಿದ್ದೆ’ ಅನ್ನೋ ಪ್ರಶ್ನೆ ಮೊದಲು ಕೊರೆಯೋದು ಅವರನ್ನೇ.

ಹೇಳಿಕೆ ತುಂಡು ತುಂಡಾಗಿರೋದಕ್ಕೂ ಇದೇ ಕಾರಣ. ಆ ಭಯದಲ್ಲಿ ಫ್ಯಾನಿನ ಸದ್ದು, ಬೆವರಿನ ವಾಸನೆ ಅಚ್ಚೊತ್ತಿದ ಹಾಗೆ ನೆನಪಿರುತ್ತದೆ, ಗಂಟೆ ಎಷ್ಟು, ಮೊದಲು ಯಾವುದು ಆಮೇಲೆ ಯಾವುದು ಅನ್ನೋದು ಕಲಸಿಹೋಗಿರುತ್ತದೆ. ಠಾಣೆಯಲ್ಲಿ ‘ಮೊದಲಿಂದ ಹೇಳಮ್ಮ’ ಅಂದಾಗ ತಡವರಿಸಿದರೆ ಸುಳ್ಳು ಅಂತಲ್ಲ. ‘ನಿಮಗೆ ನೆನಪಿರುವ ಕಡೆಯಿಂದ ಹೇಳಿ’ ಅಂದರೆ ಸರಾಗವಾಗಿ ಬರುತ್ತದೆ.

ಗಾಯ ಇಲ್ಲದಿದ್ದರೆ ಏನೂ ಆಗಿಲ್ಲ ಅನ್ನೋದೂ ತಪ್ಪು. ಕನ್ಯಾಪೊರೆಯನ್ನು ನೋಡಿ ಯಾವುದನ್ನೂ ಸಾಬೀತು ಮಾಡಲಾಗದು. ಯೋನಿಯ ಸಡಿಲತೆ ನೋಡಿ ಹಿಂದೆ ಸಂಬಂಧ ಇತ್ತೇ ಅಂತ ಊಹಿಸುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ತಳ್ಳಿಹಾಕಿತ್ತು, 2022ರ ಅಕ್ಟೋಬರಿನಲ್ಲಿ ಅದನ್ನು ಮಾಡುವ ವೈದ್ಯರು ದುರ್ನಡತೆಗೆ ಹೊಣೆ ಅಂತಲೂ ಹೇಳಿತು. ಮೆಡಿಕಲ್ ವಿದ್ಯಾರ್ಥಿಗಳು ಹಳೆಯ ಪಠ್ಯಪುಸ್ತಕದ ಆ ಪುಟವನ್ನು ನಂಬಿ ಬರೆಯಬೇಡಿ.

ಸಂಶಯಿ

ಇದು ನಿಜಕ್ಕೂ ಗೊತ್ತಿರಲಿಲ್ಲ. ಸರಿ. ಹಾಗಾದ್ರೆ ಯಾಕೆ ನಡೆಯುತ್ತೆ? ಮೊಬೈಲು, ಕುಡಿತ, ಬಟ್ಟೆ, ರಾತ್ರಿ ಓಡಾಟ, ಇದನ್ನೇ ಎಲ್ಲರೂ ಹೇಳೋದು.

ಸಮಾಲೋಚಕಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 31,516 ಅತ್ಯಾಚಾರ ಪ್ರಕರಣ ದಾಖಲಾದವು. ನೂರಕ್ಕೆ 95ಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಿತ: ಮನೆಯವ, ಪಕ್ಕದ ಮನೆಯವ, ಗೆಳೆಯ, ಮಾಲೀಕ. (ಓಡಿಹೋದ ಜೋಡಿಗಳ ಮೇಲೆ ಮನೆಯವರು ಹಾಕಿದ ಕೇಸುಗಳೂ ಇದರಲ್ಲಿ ಸೇರಿರುತ್ತವೆ, ಆದ್ದರಿಂದ ಈ ಅಂಕಿಯನ್ನು ಹಿಡಿದು ಜಗ್ಗಾಡಬೇಡಿ.) ಪರಿಚಿತನಾದ ಮೇಲೆ ರಾತ್ರಿ ಓಡಾಟ, ಕತ್ತಲೆ ರಸ್ತೆಯ ಪಾಲು ಎಷ್ಟು ಉಳೀತು ನೀವೇ ನೋಡಿ.

ಮಾಡಿದವರನ್ನೇ ಕೇಳಿದ ಅಧ್ಯಯನ ಒಂದಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಬಾಂಗ್ಲಾದೇಶ, ಶ್ರೀಲಂಕಾ, ಚೀನಾ, ಕಾಂಬೋಡಿಯಾ, ಇಂಡೋನೇಷ್ಯಾ, ಪಪುವಾ ನ್ಯೂಗಿನಿಯ ಸುಮಾರು 10,000 ಗಂಡಸರನ್ನು ಮಾತಾಡಿಸಿ 2013ರಲ್ಲಿ ಪ್ರಕಟಿಸಿದವು. ಭಾರತ ಅದರಲ್ಲಿಲ್ಲ, ಆದರೂ ನಮ್ಮ ನೆರೆಯವರೇ. ‘ಅತ್ಯಾಚಾರ’ ಅನ್ನೋ ಪದ ಬಳಸದೆ, ‘ಒಲ್ಲದ ಹೆಣ್ಣನ್ನು ಬಲವಂತ ಮಾಡಿದ್ದುಂಟೇ’ ಅನ್ನೋ ರೀತಿಯ ಪ್ರಶ್ನೆಗಳು. ಹೌದು ಅಂದವರು ಹೆಚ್ಚಾಗಿ ಕೊಟ್ಟ ಕಾರಣ ‘ನನಗೆ ಬೇಕಿತ್ತು, ಅದು ನನ್ನ ಹಕ್ಕು’ ಅನ್ನೋದು. ಆಮೇಲೆ ಮೋಜು, ಬೇಸರ ಕಳೆಯೋದು. ಆಮೇಲೆ ಸಿಟ್ಟು, ಪಾಠ ಕಲಿಸೋದು. ಕುಡಿತ ಎಲ್ಲಕ್ಕಿಂತ ಕೆಳಗೆ. ಅರ್ಧಕ್ಕೂ ಹೆಚ್ಚು ಮಂದಿ ಮೊದಲ ಸಲ ಮಾಡಿದ್ದು ಹದಿಹರೆಯದಲ್ಲಿ. ನೂರಕ್ಕೆ 72ರಿಂದ 97 ಮಂದಿಗೆ, ದೇಶಕ್ಕೆ ತಕ್ಕ ಹಾಗೆ, ಕಾನೂನಿನ ಬಿಸಿ ತಟ್ಟಲೇ ಇಲ್ಲ.

ಕಾಮ ತಡೆಯಲಾರದೆ ಮಾಡಿದ ಅನ್ನೋ ವಿವರಣೆ ನಿಲ್ಲದಿರೋದು ಇಲ್ಲೇ. ತಡೆಯಲಾರದವನು ಬಾಗಿಲು ಹಾಕಿದೆಯಾ ಅಂತ ನೋಡೋದಿಲ್ಲ. ಇವನು ನೋಡುತ್ತಾನೆ. ಮೇಲಧಿಕಾರಿಯ ಮಗಳ ಮೇಲೆ ಕೈ ಹಾಕೋದಿಲ್ಲ, ಮನೆಗೆಲಸದವಳ ಮೇಲೆ ಹಾಕುತ್ತಾನೆ. ಯಾರು ದೂರು ಕೊಡಲಾರರು, ಕೊಟ್ಟರೂ ಯಾರ ಮಾತನ್ನು ಯಾರೂ ನಂಬೋದಿಲ್ಲ, ಆ ಲೆಕ್ಕ ಮೊದಲೇ ಆಗಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹಾರ್ 1984ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ನಾಲ್ಕು ಬಾಗಿಲುಗಳ ಮಾದರಿ ಕೊಟ್ಟ: ಮಾಡಬೇಕೆಂಬ ಮನಸ್ಸು ಇರಬೇಕು, ಒಳಗಿನ ಅಳುಕು ಸಾಯಬೇಕು, ಹೊರಗಿನ ಕಾವಲು ತಪ್ಪಬೇಕು, ಎದುರಿನವರ ಪ್ರತಿರೋಧ ಮುರಿಯಬೇಕು. ನಾವು ಹೇಳುವ ಬುದ್ಧಿವಾದವೆಲ್ಲ ಕೊನೆಯ ಬಾಗಿಲಿನ ಬಗ್ಗೆ, ಅದೂ ಹುಡುಗಿಗೆ. ಒಳಗಿನ ಅಳುಕು ಸಾಯೋದು ಹೇಗೆ? ‘ಅವಳು ಅಂಥವಳೇ ಬಿಡು’ ಅನ್ನೋ ಮಾತು ಹಾಸ್ಟೆಲಿನ ಕಟ್ಟೆ ಮೇಲೆ, ವಾಟ್ಸಾಪ್ ಗುಂಪಿನಲ್ಲಿ ದಿನಾ ಓಡಾಡಿ ನಗು ಗಿಟ್ಟಿಸಿದಾಗ.

ಅಳುಕು ತಗ್ಗಿಸೋಕೆ ಕುಡಿತ ಸಹಾಯ ಮಾಡುತ್ತದೆ ನಿಜ, ಎದುರಿನವರಿಗೆ ಕುಡಿಸೋದು ಆಯುಧವೂ ಹೌದು. ಆದರೆ ಅದು ಕಾರಣ ಅಲ್ಲ.

ಕರಿಕೋಟು

ಕುಡಿತದ ನೆಪಕ್ಕೆ ನಮ್ಮ ರಾಜ್ಯದ್ದೇ ತೀರ್ಪಿದೆ, ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ, 2000. ಎಳೆಯ ಹುಡುಗಿಯ ಮೇಲಿನ ಅತ್ಯಾಚಾರಕ್ಕೆ ವಿಧಿಸಿದ್ದ 10 ವರ್ಷದ ಶಿಕ್ಷೆಯನ್ನು ಹೈಕೋರ್ಟ್ 4ಕ್ಕೆ ಇಳಿಸಿತ್ತು. ಅನಕ್ಷರಸ್ಥ, ಕುಡುಕ, ಅಮಲಿನಲ್ಲಿ ಮಾಡಿದ, ಇವು ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ಸುಪ್ರೀಂ ಕೋರ್ಟ್ ಆ ಕಾರಣಗಳನ್ನು ಒಪ್ಪದೆ 10 ವರ್ಷವನ್ನೇ ಮತ್ತೆ ಎತ್ತಿಹಿಡಿಯಿತು.

ಸಂಶಯಿ

ಇನ್ನೊಂದೇ ಪ್ರಶ್ನೆ, ಬೈಬೇಡಿ. ಮದುವೆ ಆಗ್ತೀನಿ ಅಂತ ಸಂಬಂಧ ಇಟ್ಟುಕೊಂಡು ಆಮೇಲೆ ಮುರಿದುಬಿದ್ದರೆ ಅದೂ ಅತ್ಯಾಚಾರವಾ? ಮತ್ತೆ ಸುಳ್ಳು ಕೇಸುಗಳು?

ಕರಿಕೋಟು

ಬೈಯೋ ಪ್ರಶ್ನೆ ಅಲ್ಲ, ತರಗತಿಯಲ್ಲಿ ಖಂಡಿತ ಬರುತ್ತದೆ.

ಮುರಿದ ಮಾತು ಬೇರೆ, ಸುಳ್ಳು ಮಾತು ಬೇರೆ. ಉದಯ್ ವಿರುದ್ಧ ಕರ್ನಾಟಕ ರಾಜ್ಯ, 2003: ಜಾತಿ ಬೇರೆ, ಮದುವೆಗೆ ಅಡ್ಡಿ ಇದೆ ಅನ್ನೋದು ಇಬ್ಬರಿಗೂ ತಿಳಿದಿತ್ತು, ಇಬ್ಬರಿಗೂ ಪ್ರೀತಿ ಇತ್ತು, ಆ ಒಪ್ಪಿಗೆಯನ್ನು ತಪ್ಪು ತಿಳಿವಳಿಕೆಯ ಒಪ್ಪಿಗೆ ಅನ್ನಲಾಗದು ಅಂತ ಸುಪ್ರೀಂ ಕೋರ್ಟ್ ಖುಲಾಸೆ ಮಾಡಿತು. 2019ರ ಪ್ರಮೋದ್ ಪವಾರ್ ತೀರ್ಪು ಎರಡು ಅಳತೆಗೋಲು ಕೊಟ್ಟಿತು. ಮಾತು ಕೊಡುವಾಗಲೇ ಅದನ್ನು ಉಳಿಸಿಕೊಳ್ಳುವ ಉದ್ದೇಶ ಇರಲಿಲ್ಲವೇ? ಆಕೆ ಒಪ್ಪಿದ್ದಕ್ಕೂ ಆ ಮಾತಿಗೂ ನೇರ ನಂಟಿತ್ತೇ? ಈಗ ಹೊಸ ಸಂಹಿತೆಯಲ್ಲಿ ಇದಕ್ಕೆ ಪ್ರತ್ಯೇಕ ಸೆಕ್ಷನ್ 69 ಇದೆ, ಅತ್ಯಾಚಾರ ಅಂತ ಕರೆಯದೆ 10 ವರ್ಷದವರೆಗೆ ಶಿಕ್ಷೆ. ನೌಕರಿ, ಬಡ್ತಿಯ ಸುಳ್ಳು ಭರವಸೆ, ಗುರುತು ಮುಚ್ಚಿಟ್ಟು ಮದುವೆ ಆಗೋದೂ ಅದರೊಳಗೆ ಬರುತ್ತದೆ.

ಸುಳ್ಳು ಕೇಸಿನ ಲೆಕ್ಕದಲ್ಲಿ ಮೂರು ಬೇರೆ ಬೇರೆ ಸಂಗತಿ ಒಂದಾಗಿ ಬೆರೆತುಹೋಗುತ್ತವೆ. ನಮ್ಮಲ್ಲಿ ಪೊಲೀಸರು ಕೇಸು ಮುಚ್ಚುವಾಗ ಹಾಕುವ ‘ಬಿ’ ರಿಪೋರ್ಟಿನಲ್ಲಿ ಸುಳ್ಳು ದೂರು ಮಾತ್ರ ಇರೋದಿಲ್ಲ, ತಪ್ಪು ತಿಳಿವಳಿಕೆ ಅಂತ ಮುಚ್ಚಿದ್ದೂ ಇರುತ್ತದೆ. ಖುಲಾಸೆ ಅಂದರೆ ಸಂದೇಹಾತೀತವಾಗಿ ಸಾಬೀತಾಗಲಿಲ್ಲ ಅಂತಷ್ಟೆ. ಸಾಕ್ಷಿ ತಿರುಗಿಬಿದ್ದದ್ದು ಮೂರನೆಯದು, ಅದರ ಹಿಂದೆ ರಾಜಿಯ ಒತ್ತಡ ಇರೋದೇ ಹೆಚ್ಚು. 2022ರಲ್ಲಿ ವಿಚಾರಣೆ ಮುಗಿದ ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯಾದದ್ದು ನೂರಕ್ಕೆ ಸುಮಾರು 27ರಲ್ಲಿ. ಉಳಿದ 73ನ್ನು ಸುಳ್ಳು ಅನ್ನೋದಾದರೆ, ಕಳ್ಳತನದಲ್ಲಿ ಖುಲಾಸೆಯಾದ ಕಡೆಯೆಲ್ಲ ಕಳ್ಳತನವೇ ಆಗಿಲ್ಲ ಅನ್ನಬೇಕಾಗುತ್ತದೆ.

ಹೊರಸದಸ್ಯೆ

ಕಂಪನಿ, ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಬಗ್ಗೆ ಯಾರೂ ಬರೆದಿಲ್ಲ. ವಿದ್ಯಾರ್ಥಿಗಳಿಗೆ ಮೊದಲು ಎದುರಾಗೋದು ಪೊಲೀಸ್ ಅಲ್ಲ, ಸಮಿತಿ.

ಮೂಲ 1992ರ ರಾಜಸ್ಥಾನ. ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಕಾರ್ಯಕರ್ತೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದರ ನಂತರ 1997ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು, 2013ರಲ್ಲಿ ಅದೇ ವಿಷಯಕ್ಕೆ ಕಾಯ್ದೆ. 10 ಅಥವಾ ಹೆಚ್ಚು ನೌಕರರಿರುವ ಪ್ರತಿ ಕಡೆ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ನೌಕರೆ, ನೌಕರರಿಂದ ಕನಿಷ್ಠ ಇಬ್ಬರು, ಹೊರಗಿನ ಒಬ್ಬರು, ಒಟ್ಟಿನಲ್ಲಿ ಅರ್ಧದಷ್ಟಾದರೂ ಹೆಂಗಸರು. 10ಕ್ಕಿಂತ ಕಡಿಮೆ ಇದ್ದರೆ, ದೂರು ಮಾಲೀಕನ ಮೇಲೇ ಇದ್ದರೆ, ಅಥವಾ ಮನೆಗೆಲಸದವರಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಕಾಲೇಜಿಗೆ 2015ರ ಯುಜಿಸಿ ನಿಯಮ ಇದೆ. ವಿದ್ಯಾರ್ಥಿಗಳು ಸೇರಿದ ದೂರಾದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು.

ಇಲ್ಲಿನ ಅಳತೆಗೋಲು ಒಂದೇ ಪದ, ‘ಒಲ್ಲದ’. ಮುಟ್ಟೋದು ಮಾತ್ರ ಅಲ್ಲ. ಲೈಂಗಿಕ ಬೇಡಿಕೆ ಇಡೋದು, ಅಶ್ಲೀಲ ಮಾತು, ಚಿತ್ರ ತೋರಿಸೋದು, ಸನ್ನೆ ಎಲ್ಲವೂ ಸೇರುತ್ತವೆ. ‘ತಮಾಷೆಗೆ ಅಂದೆ’ ಅನ್ನೋ ಉದ್ದೇಶವನ್ನು ತೂಗೋದಿಲ್ಲ, ಆಕೆಗೆ ಅದು ಒಲ್ಲದ್ದಾಗಿತ್ತೇ ಅನ್ನೋದನ್ನು ನೋಡುತ್ತಾರೆ.

ಗಡುವುಗಳನ್ನು ಹಲಗೆ ಮೇಲೆ ಬರೆಯಿರಿ. ಘಟನೆಯಿಂದ, ಸರಣಿಯಾದರೆ ಕೊನೆಯ ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು. ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರು, ದಾಖಲೆಗಳು, ಸಾಕ್ಷಿಗಳ ಹೆಸರು ಸೇರಿ 6 ಪ್ರತಿ. ಬರೆಯಲು ಆಗದಿದ್ದರೆ ಬರೆಸಿಕೊಡೋದು ಸಮಿತಿಯ ಕೆಲಸ. ಎದುರುದಾರನಿಗೆ (ದೂರು ಯಾರ ಮೇಲಿದೆಯೋ ಅವನಿಗೆ) ಪ್ರತಿ 7 ಕೆಲಸದ ದಿನದೊಳಗೆ, ಅವನ ಉತ್ತರ 10 ಕೆಲಸದ ದಿನದೊಳಗೆ. ವಿಚಾರಣೆ 90 ದಿನ, ವರದಿ 10 ದಿನ, ಸಂಸ್ಥೆ ಕ್ರಮ ತೆಗೆದುಕೊಳ್ಳಲು ಕಾಯ್ದೆಯಲ್ಲಿ 60 ದಿನ, ಕಾಲೇಜಿಗೆ ಯುಜಿಸಿ ನಿಯಮದಲ್ಲಿ 30. ವಕೀಲರಿಗೆ ಪ್ರವೇಶ ಇಲ್ಲ.

ದೂರು ಬರೆಯುವಾಗ ‘ಅಸಭ್ಯವಾಗಿ ವರ್ತಿಸಿದರು’ ಅನ್ನೋ ಒಂದು ಸಾಲಿನಿಂದ ಯಾರಿಗೂ ಏನೂ ತಿಳಿಯೋದಿಲ್ಲ. ದಿನ, ಅಂದಾಜು ಹೊತ್ತು, ಜಾಗ, ಅಂದ ಮಾತು ಅಂದ ಭಾಷೆಯಲ್ಲೇ (ಕೆಟ್ಟ ಮಾತಾದರೂ ಅದೇ), ಎಲ್ಲಿ ಮುಟ್ಟಿದ, ಯಾರಿದ್ದರು, ಆಮೇಲೆ ಯಾರಿಗೆ ಹೇಳಿದಿರಿ. ದಿನಾಂಕ ನೆನಪಿಲ್ಲದಿದ್ದರೆ ‘ದಸರಾ ರಜೆ ಮುಗಿದ ಮೊದಲ ವಾರ’ ಅಂತಲೇ ಬರೆಯಿರಿ. ಊಹಿಸಿ ತಾರೀಖು ಹಾಕಿದರೆ, ಮುಂದೆ ಪಾಟಿ ಸವಾಲಿನಲ್ಲಿ ಅದೊಂದೇ ತಪ್ಪು ಇಡೀ ದೂರನ್ನು ಅಲ್ಲಾಡಿಸುತ್ತದೆ.

ಸಮಿತಿಗಳು ಎಡವೋದೂ ಹೆಚ್ಚುಕಡಿಮೆ ಒಂದೇ ಕಡೆಗಳಲ್ಲಿ. ಮೂವರಿಗಿಂತ ಕಡಿಮೆ ಸದಸ್ಯರು ಕೂತು ಸಾಕ್ಷಿ ಕೇಳುತ್ತಾರೆ, ಇಡೀ ವಿಚಾರಣೆ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ. ‘ಹುಡುಗನ ಭವಿಷ್ಯ ನೋಡಮ್ಮ’ ಅಂತ ತಾವೇ ರಾಜಿ ಎತ್ತುತ್ತಾರೆ. ರಾಜಿ ದೂರುದಾರೆ ಕೇಳಿದರೆ ಮಾತ್ರ, ಹಣದ ಮೇಲೆ ಅಲ್ಲವೇ ಅಲ್ಲ. ಎದುರುದಾರನಿಗೆ ಸಾಕ್ಷಿಗಳ ಹೇಳಿಕೆ ತೋರಿಸದೆ, ಉತ್ತರ ಕೊಡಲು ಅವಕಾಶ ಇಲ್ಲದೆ ತೀರ್ಮಾನ ಬರೆಯುತ್ತಾರೆ. ಆಗ ತಪ್ಪು ಮಾಡಿದವನೂ ಕೋರ್ಟಿನಲ್ಲಿ ಗೆದ್ದು ಬರುತ್ತಾನೆ. ಎಲ್ಲಕ್ಕಿಂತ ಕೆಟ್ಟದ್ದು, ಆಕೆ ಕೇಳದೆಯೇ ಆಕೆಯನ್ನೇ ಬೇರೆ ವಿಭಾಗಕ್ಕೆ ಹಾಕೋದು. ಮಧ್ಯಂತರ ವರ್ಗಾವಣೆ, 3 ತಿಂಗಳವರೆಗಿನ ರಜೆ ಆಕೆ ಬರೆದು ಕೇಳಿದಾಗ ಕೊಡುವ ಸೌಲಭ್ಯ. ಇಬ್ಬರಲ್ಲಿ ಯಾರನ್ನಾದರೂ ವರ್ಗ ಮಾಡಬಹುದು.

ದೂರು ಸಾಬೀತಾಗದಿದ್ದರೆ ಆಕೆ ಮೇಲೆ ಕ್ರಮ ಅಂತ ಹೆದರಿಸೋದೂ ಇದೆ. ಸಾಬೀತು ಮಾಡಲಾಗದ್ದು ಬೇರೆ, ದುರುದ್ದೇಶದ ಸುಳ್ಳು ಬೇರೆ ಅಂತ ಕಾಯ್ದೆಯ 14ನೇ ಸೆಕ್ಷನ್ನೇ ಹೇಳುತ್ತದೆ.

ಧಾರವಾಡ ಮಾಸ್ತರ

ಸಮಿತಿ ಹೆಸರು ನೋಟಿಸ್ ಬೋರ್ಡಿನ್ಯಾಗ ಇರಬೇಕಲ್ರಿ? ಎಷ್ಟೋ ಕಡೆ ಕಾಲೇಜಿಗೆ ಗ್ರೇಡ್ ಕೊಡೂ ನ್ಯಾಕ್ ತಂಡ ಬರೂ ಮುಂದ ಮಾತ್ರ ಆ ಬೋರ್ಡ್ ಏರತೈತಿ.

ಹೊರಸದಸ್ಯೆ

ಇರಲೇಬೇಕು ಸರ್. ಸಮಿತಿಯನ್ನೇ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ.

ಅರಳಿಕಟ್ಟೆ

ಗೆಳತಿ ಬಂದು ‘ಹೀಗಾಯ್ತು’ ಅಂದಳು. ಮೊದಲ ಒಂದು ದಿನ ಏನು ಮಾಡಬೇಕು? ಇದನ್ನು ಬೇರೆ ಕರಪತ್ರವಾಗಿ ಕೊಡುವ ಯೋಚನೆ ಇದೆ.

ಡ್ಯೂಟಿ ಡಾಕ್ಟರ್

ಮೊದಲ ಮಾತು ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಲ್ಲ. ಈಗ ಏನು ಮಾಡೋಣ ಅಂತೀಯ?’ ‘ಯಾಕೆ ಹೋದೆ?’ ಅನ್ನೋದು ಬೇಡ. ನಿರ್ಧಾರ ಅವಳದ್ದು, ಅವಳ ಕೈಯಿಂದ ಒಮ್ಮೆ ಕಿತ್ತುಕೊಂಡದ್ದನ್ನು ನೀವು ಮತ್ತೆ ಕಿತ್ತುಕೊಳ್ಳಬೇಡಿ.

ಎರಡನೆಯದು ಆಸ್ಪತ್ರೆ. ಠಾಣೆಗೆ ಮೊದಲು ಹೋಗಲೇಬೇಕು ಅಂತಿಲ್ಲ. ಪೊಲೀಸ್ ಪತ್ರ ಇಲ್ಲದೆ ಪರೀಕ್ಷೆ ಮಾಡಲ್ಲ ಅನ್ನುವ ವೈದ್ಯರ ರೂಢಿಯನ್ನು ಸುಪ್ರೀಂ ಕೋರ್ಟ್ 2000ದಲ್ಲೇ, ಕರ್ನಾಟಕ ರಾಜ್ಯ ವಿರುದ್ಧ ಮಂಜಣ್ಣ ಪ್ರಕರಣದಲ್ಲಿ ತಪ್ಪು ಅಂದಿದೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಚಿಕಿತ್ಸೆ ಉಚಿತ. ನಿರಾಕರಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ 1 ವರ್ಷದವರೆಗೆ ಜೈಲು. ಆಸ್ಪತ್ರೆ ಪೊಲೀಸರಿಗೆ ಮಾಹಿತಿ ಕೊಡುತ್ತದೆ, ಆದರೆ ವಯಸ್ಕಳಾದವಳು ಎಫ್‌ಐಆರ್ ಬೇಡ ಅಂದರೆ ಅದನ್ನು ಬರೆದುಕೊಂಡು ಚಿಕಿತ್ಸೆ ಕೊಡಬೇಕು. ಪರೀಕ್ಷೆಯ ಒಂದೊಂದು ಭಾಗಕ್ಕೂ ಅವಳ ಒಪ್ಪಿಗೆ ಬೇಕು. ಬರೀ ಚಿಕಿತ್ಸೆ ಸಾಕು, ಸ್ವಾಬ್ (ಸಾಕ್ಷ್ಯಕ್ಕಾಗಿ ಹತ್ತಿಕಡ್ಡಿಯಲ್ಲಿ ಮೈಯಿಂದ ತೆಗೆಯುವ ಮಾದರಿ) ಬೇಡ ಅನ್ನಬಹುದು.

ಸಮಯದ ಲೆಕ್ಕ: ಎಚ್‌ಐವಿ ತಡೆ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎರಡು ಗಂಟೆಯೊಳಗಾದರೆ ಉತ್ತಮ, 28 ದಿನ ತಪ್ಪದೆ. ಗರ್ಭ ತಡೆಗೆ ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಒಂದೇ ಸಲ, 72 ಗಂಟೆಯೊಳಗೆ, ತಡವಾದಷ್ಟೂ ಪರಿಣಾಮ ಕಡಿಮೆ. ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು. ಹೆಪಟೈಟಿಸ್ ಬಿ ಲಸಿಕೆ, ಲೈಂಗಿಕ ಸೋಂಕಿನ ಔಷಧಿ ಬೇರೆ. ಸ್ವಾಬ್ ಸಾಕ್ಷ್ಯ ಸಾಮಾನ್ಯವಾಗಿ 96 ಗಂಟೆಯವರೆಗೆ ತೆಗೆಯುತ್ತಾರೆ. ಏನೋ ಕುಡಿಸಿದ ಅನುಮಾನವಿದ್ದರೆ ಮೊದಲ ಮೂತ್ರವನ್ನೇ ಶುದ್ಧವಾದ ಡಬ್ಬಿಯಲ್ಲಿ ಹಿಡಿದಿಡಿ. ಅಮಲಿನ ಮದ್ದುಗಳಲ್ಲಿ ಕೆಲವು ಅರ್ಧ ದಿನದಲ್ಲೇ ಮಾಯವಾಗುತ್ತವೆ.

ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಬರಲಿ. ಬಟ್ಟೆಯನ್ನು ಒಂದೊಂದಾಗಿ ಕಾಗದದ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಂತು ಬೂಸ್ಟು ಹಿಡಿದು ಡಿಎನ್‌ಎ ಕೆಟ್ಟುಹೋಗುತ್ತದೆ. ಒದ್ದೆ ಇದ್ದರೆ ನೆರಳಿನಲ್ಲಿ ಒಣಗಲಿ. ಸ್ನಾನ ಆಗಿಹೋಗಿದ್ದರೂ, ನಾಲ್ಕು ದಿನ ಕಳೆದಿದ್ದರೂ ಬರಲಿ. ಸ್ವಾಬ್ ಸಿಗದಿದ್ದರೂ ಗಾಯದ ದಾಖಲೆ, ಚಿಕಿತ್ಸೆ ಇದ್ದೇ ಇದೆ.

ಕರಿಕೋಟು

ಠಾಣೆಯ ಭಾಗ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ‘ನಮ್ಮ ವ್ಯಾಪ್ತಿ ಅಲ್ಲ’ ಅನ್ನೋ ಹಾಗಿಲ್ಲ. ಅದೇ ಝೀರೋ ಎಫ್‌ಐಆರ್. ದಾಖಲಿಸಲು ನಿರಾಕರಿಸಿದ ಪೊಲೀಸರಿಗೇ 6 ತಿಂಗಳಿಂದ 2 ವರ್ಷ ಜೈಲು. ಹೇಳಿಕೆ ಪಡೆಯೋದು ಮಹಿಳಾ ಅಧಿಕಾರಿ, ಆಕೆಯ ಮನೆಯಲ್ಲೋ ಆಕೆ ಹೇಳಿದ ಜಾಗದಲ್ಲೋ. ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆ ಇನ್ನೊಂದು ಹೇಳಿಕೆ. ಎಫ್‌ಐಆರ್ ಪ್ರತಿ ಉಚಿತ, ಸಹಿಗೆ ಮುಂಚೆ ಓದಿಸಿ ಕೇಳಬೇಕು. ಎಫ್‌ಐಆರಿನಲ್ಲಿ ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಿದರೆ ‘ಕಟ್ಟಿ ಹೇಳಿದ್ದು’ ಅನ್ನೋ ವಾದ ಬರುತ್ತದೆ. ತನಿಖೆಗೆ 2 ತಿಂಗಳ ಗಡುವು.

ಮೊಬೈಲಿನಲ್ಲಿ ಸಂದೇಶ ಇದ್ದರೆ ಅಳಿಸಬೇಡಿ, ಬೇಸರಕ್ಕೆ ಬ್ಲಾಕ್ ಮಾಡುವ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಬರೀ ಸ್ಕ್ರೀನ್‌ಶಾಟಿನ ಪ್ರಿಂಟ್ ಸಾಲದು, ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಘಟನೆಯ ಮರುದಿನ ಅವನಿಗೆ ‘ಊಟ ಆಯ್ತಾ’ ಅಂತ ಸಂದೇಶ ಕಳಿಸಿದ್ದರೆ ಅದನ್ನೂ ಅಳಿಸಬೇಡಿ. ಏನೂ ಆಗಿಲ್ಲ ಅಂತ ತನ್ನನ್ನೇ ನಂಬಿಸಿಕೊಳ್ಳೋದು ಸಾಮಾನ್ಯ, ವಿವರಿಸಬಹುದು. ಅಳಿಸಿದ್ದನ್ನು ವಿವರಿಸೋದು ಕಷ್ಟ.

ತಡವಾದರೆ? ಅತ್ಯಾಚಾರಕ್ಕೆ ಕಾಲಮಿತಿ ಇಲ್ಲ. ತಡವಾದದ್ದಕ್ಕೆ ಇದ್ದ ಕಾರಣವನ್ನು ದೂರಿನಲ್ಲೇ ಬರೆಯಿರಿ. ಸಂತ್ರಸ್ತೆಯ ಹೇಳಿಕೆ ನಂಬಲರ್ಹವಾಗಿದ್ದರೆ ಅದೊಂದೇ ಸಾಕು ಅಂತ 1996ರ ಗುರ್ಮೀತ್ ಸಿಂಗ್ ತೀರ್ಪು ಹೇಳಿದೆ.

ಸಮಾಲೋಚಕಿ

18 ತುಂಬದವರಾದರೆ ನಿಯಮ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಉಪನ್ಯಾಸಕರೂ ಸೇರಿ. ಮೊದಲ ವರ್ಷದಲ್ಲಿ 17ರ ಮಕ್ಕಳು ಇರುತ್ತಾರೆ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡುವ ಮುಂಚೆ ಇದನ್ನು ತಿಳಿಸಿಬಿಡಿ. ಮಕ್ಕಳ ಸಹಾಯವಾಣಿ 1098.

ಹುಡುಗರ ಮೇಲೂ ಆಗುತ್ತದೆ. 18ರೊಳಗಿನ ಹುಡುಗರಿಗೆ ಪೋಕ್ಸೋ ಸಮಾನವಾಗಿ ಅನ್ವಯ. ವಯಸ್ಕ ಗಂಡಸರಿಗೆ ಮಾತ್ರ ದೊಡ್ಡ ಖಾಲಿ ಜಾಗ ಇದೆ: ಗಂಡಸಿನ ಮೇಲಿನ ಬಲಾತ್ಕಾರಕ್ಕೂ ಅನ್ವಯಿಸುತ್ತಿದ್ದ ಐಪಿಸಿಯ ಹಳೆಯ 377 ಹೊಸ ಸಂಹಿತೆಯಲ್ಲಿ ಇಲ್ಲ, 63 ಹೆಣ್ಣಿಗೆ ಮಾತ್ರ. ಚಿಕಿತ್ಸೆಗೆ, 72 ಗಂಟೆಯ ಮಾತ್ರೆಗೆ ಈ ಭೇದ ಇಲ್ಲ ಅಂತ ಕರಪತ್ರದಲ್ಲಿ ಬರೆಯಿರಿ.

ಸಂಶಯಿ

ಮದುವೆಯೊಳಗೆ?

ಕರಿಕೋಟು

ಹೆಂಡತಿ 18 ದಾಟಿದ್ದರೆ ಗಂಡನಿಗೆ 63ರಲ್ಲಿ ವಿನಾಯಿತಿ ಇನ್ನೂ ಇದೆ. ಬೇರೆಯಾಗಿ ಬದುಕುತ್ತಿದ್ದರೆ ಮಾತ್ರ ಸೆಕ್ಷನ್ 67, 2ರಿಂದ 7 ವರ್ಷ. ವಿನಾಯಿತಿ ತೆಗೆಯಿರಿ ಅಂತ ವರ್ಮಾ ಸಮಿತಿ ಹೇಳಿತ್ತು, ಸಂಸತ್ತು ತೆಗೆಯಲಿಲ್ಲ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಗಂಡನ ಮೇಲಿನ ಅತ್ಯಾಚಾರ ಆರೋಪ ರದ್ದು ಮಾಡಲು ಒಪ್ಪಲಿಲ್ಲ, ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿವರೆಗೆ ಇರುವ ದಾರಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಅದರಲ್ಲಿ ಲೈಂಗಿಕ ದೌರ್ಜನ್ಯ ಸ್ಪಷ್ಟವಾಗಿ ಸೇರಿದೆ, ಆದರೆ ಸಿಗೋದು ರಕ್ಷಣಾ ಆದೇಶ, ಪರಿಹಾರ. ಆ ಕೃತ್ಯಕ್ಕೇ ಜೈಲು ಇಲ್ಲ, ಆದೇಶ ಮುರಿದರೆ ಮಾತ್ರ.

ಅರಳಿಕಟ್ಟೆ

ಎಲ್ಲರಿಗೂ ಧನ್ಯವಾದ. ಚೀಟಿ ಅಭ್ಯಾಸಕ್ಕೆ 30 ನಿಮಿಷ, ಕಾನೂನಿಗೆ 20, ಉಳಿದದ್ದು ಪ್ರಶ್ನೆಗೆ ಅಂತ ಹಂಚಿದ್ದೇನೆ. ಉದಾಹರಣೆಗೆ ಹೋದ ವರ್ಷ ನಮ್ಮ ಜಿಲ್ಲೆಯಲ್ಲಿ ನಡೆದ ಒಂದು ಪ್ರಕರಣದ ಪತ್ರಿಕಾ ವರದಿಯನ್ನು ಓದಿಸೋಣ ಅಂದುಕೊಂಡಿದ್ದೇನೆ.

ಹೊರಸದಸ್ಯೆ

ಅದನ್ನು ಬಿಡಿ. ಹೆಸರು ಹಾಕದಿದ್ದರೂ ಊರು, ಕಾಲೇಜು, ತಂದೆಯ ಕೆಲಸ ಸೇರಿಸಿ ಓದಿದರೆ ಅದೇ ತರಗತಿಯಲ್ಲಿ ಯಾರಿಗಾದರೂ ಗುರುತು ಸಿಕ್ಕಿಬಿಡುತ್ತದೆ. ಗುರುತು ತಿಳಿಯುವಂಥ ಯಾವುದನ್ನೂ ಪ್ರಕಟಿಸೋದು ನ್ಯಾಯ ಸಂಹಿತೆಯ ಸೆಕ್ಷನ್ 72ರಲ್ಲಿ ಅಪರಾಧ, 2 ವರ್ಷದವರೆಗೆ ಜೈಲು. ಹಳೆಯ ತೀರ್ಪುಗಳೇ ಸಾಕು. ಇನ್ನೊಂದು, ತರಗತಿಯ ಬಾಗಿಲನ್ನು ತೆರೆದೇ ಇಡಿ, ಮಧ್ಯದಲ್ಲಿ ಎದ್ದು ಹೋಗುವವರನ್ನು ಯಾಕೆ ಅಂತ ಕೇಳಬೇಡಿ.